ಚಾಕ್ ಹಚ್ಚಿಟ್ಟ ಕ್ಯೂ

ಪೂಲ್ ಆಡದವರು ಕ್ಯೂವನ್ನು ಕೋಲು ಅನ್ನುತ್ತಾರೆ. ಅನ್ನಲಿ, ಅವರಿಗೆ ಗೊತ್ತಿಲ್ಲ. ಗೊತ್ತಿದ್ದೂ ಹಾಗೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೋದ ಶನಿವಾರ ಒಂದು ಕೋಲಿಗೆ ಇಷ್ಟು ರಾದ್ಧಾಂತ ಬೇಕಾ ಎಂದು ನನ್ನನ್ನು ಕೇಳಿದವರು ಹದಿನಾಲ್ಕು ವರ್ಷದಿಂದ ಪೂಲ್ ಪಾರ್ಲರ್ ನಡೆಸುತ್ತಿರುವ ಅನಂತರಾಜು. ಅಂಥ ಕೋಲುಗಳನ್ನು ಗಂಟೆ ಲೆಕ್ಕದಲ್ಲಿ ಜನರ ಕೈಗೆ ಕೊಟ್ಟೇ ಅವರು ಗಂಗಾನಗರದ ಆ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದ್ದು. ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ರಾದ್ಧಾಂತ ಯಾರದೆಂದು ನೀವೇ ತೀರ್ಮಾನಿಸಿ.

ನಾನು ಆ ಪಾರ್ಲರಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತುವುದು ನಾನು. ನಾಲ್ಕು ಟೇಬಲ್ಲಿನ ಬಟ್ಟೆಗೆ ಬ್ರಶ್ ಹೊಡೆಯುವುದು, ಚೆಂಡು ಒರೆಸುವುದು, ಬಿಲ್ ಮಾಡುವುದು, ಆಟದ ಮಧ್ಯೆ ಜಗಳ ಬಂದರೆ ಬಿಡಿಸುವುದು, ಎಲ್ಲ ನನ್ನ ತಲೆಯ ಮೇಲೆ. ಕ್ಯೂಗಳ ಟಿಪ್ ಹಾಕುವುದೂ ನಾನೇ. ಟಿಪ್ ಎಂದರೆ ಕ್ಯೂವಿನ ತುದಿಯಲ್ಲಿ ಚೆಂಡಿಗೆ ತಾಗುವ ಚರ್ಮದ ಬಿಲ್ಲೆ. ಅದು ನೆಟ್ಟಗೆ ಕೂರದಿದ್ದರೆ ಲಕ್ಷ ರೂಪಾಯಿಯ ಕ್ಯೂ ಕೂಡ ಕೆಲಸಕ್ಕೆ ಬಾರದು. ಟಿಪ್ ಹಾಕಿಸಲೆಂದೇ ಹೆಬ್ಬಾಳದಿಂದ, ನಾಗಸಂದ್ರದಿಂದ ಜನ ರಾಣಿ ಎಲ್ಲಿ ಎಂದು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಪಾರ್ಲರಿಗೆ ಗಿರಾಕಿಗಳು ಬರುವುದು ಹನ್ನೊಂದರ ಮೇಲೆ. ಕೆಲಸ ಮುಗಿಸಿ ಉಳಿಯುವ ಒಂದು ಗಂಟೆ ನಾನೊಬ್ಬಳೇ ಆಡುತ್ತೇನೆ. ಹನ್ನೊಂದು ವರ್ಷ, ದಿನಕ್ಕೊಂದು ಗಂಟೆ. ಎಷ್ಟು ಚೆನ್ನಾಗಿ ಆಡುತ್ತೇನೆಂದು ನಾನೇ ಹೇಳಿಕೊಂಡರೆ ಜಂಬವಾದೀತು, ಆದರೂ ಹೇಳುತ್ತೇನೆ. ನಾನು ಅಣ್ಣ ಎಂದು ಕರೆಯುವ ಅನಂತರಾಜು ಅವರ ಮಗ ಯಶವಂತನಿಗೆ ಹನ್ನೆರಡನೇ ವಯಸ್ಸಿನಲ್ಲಿ ಕ್ಯೂ ಹಿಡಿಯಲು ಕಲಿಸಿದವಳು ನಾನು. ಈಗ ಅವನಿಗೆ ಇಪ್ಪತ್ತಮೂರು. ಇವತ್ತಿಗೂ ನನ್ನೆದುರು ಐದು ಗೇಮ್ ಆಡಿದರೆ ಒಂದು ಗೆಲ್ಲುವುದೇ ಅವನಿಗೆ ಹೆಚ್ಚು.

ಇಷ್ಟಿದ್ದೂ ನನ್ನದೆಂದು ಒಂದು ಕ್ಯೂ ಇರಲಿಲ್ಲ. ಯಶವಂತನ ಹತ್ತಿರ ನಾಲ್ಕಿವೆ. ನಾನು ಆಡುವುದು ಪಾರ್ಲರಿನ ಕ್ಯೂಗಳಲ್ಲಿ. ಅವುಗಳನ್ನು ಜನ ಗೋಡೆಗೆ ಒರಗಿಸುತ್ತಾರೆ, ಅವುಗಳ ಮೇಲೆ ಭಾರ ಬಿಟ್ಟು ನಿಂತು ಫೋನಿನಲ್ಲಿ ಹರಟುತ್ತಾರೆ, ಸೋತರೆ ನೆಲಕ್ಕೆ ಕುಟ್ಟುತ್ತಾರೆ. ಹನ್ನೆರಡು ಕ್ಯೂಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಯಾವುದು ಯಾವ ಕಡೆಗೆ ಎಷ್ಟು ವಾಲುತ್ತದೆಂದು ನನಗೆ ಬಾಯಿಪಾಠವಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿದು ಹೊಡೆಯುತ್ತೇನೆ.

ಯಲಹಂಕ ನ್ಯೂಟೌನಿನಲ್ಲಿ ಹೊಸದಾಗಿ ಶುರುವಾದ ಪೂಲ್ ಹಾಲಿನವರು ಟೂರ್ನಮೆಂಟ್ ಇಟ್ಟರು. ಹೆಣ್ಣು ಗಂಡು ಎಂದು ಬೇರೆ ಮಾಡದೆ ಮೂವತ್ತೆರಡು ಜನರಿಗೆ ಅವಕಾಶ. ಕ್ಯೂ ಮಾತ್ರ ಆಟಗಾರರೇ ತರಬೇಕು ಎಂದು ನಿಯಮ. ನಾನು ಹೆಸರು ಕಳಿಸಿದೆ. ಯಶವಂತನೂ ಕಳಿಸಿದ. ಫಾರಮ್ಮಿನಲ್ಲಿ ಯಾವ ಪಾರ್ಲರಿನ ಕಡೆಯಿಂದ ಎಂದು ಒಂದು ಜಾಗ ಬಿಟ್ಟಿದ್ದರು. ನಾನು ಅದನ್ನು ತುಂಬಲಿಲ್ಲ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಆಟಗಾರ್ತಿಯೆಂದು ಒಂದು ಕಡೆ ಹೆಸರು ಕೊಟ್ಟಿದ್ದೆ. ಪಾರ್ಲರಿನ ಕೆಲಸದವಳಾಗಿ ಅಲ್ಲಿಗೆ ಹೋಗುವುದು ನನಗೆ ಬೇಡವಾಗಿತ್ತು. ಬೇರೆಯವರ ಕ್ಯೂ ಹಿಡಿದು ಹೋಗುವುದಂತೂ ಬೇಡವೇ ಬೇಡ.

ಕೈಯಲ್ಲಿ ಏಳು ಸಾವಿರವಿತ್ತು. ಏಳು ಸಾವಿರಕ್ಕೆ ಒಳ್ಳೆಯ ಕ್ಯೂ ಬರುವುದಿಲ್ಲ ಎನ್ನುವವರು ಚಿತ್ತಾರಕ್ಕೆ ದುಡ್ಡು ಕೊಟ್ಟು ರೂಢಿಯಾದವರು. ಹಿಡಿಯ ಮೇಲಿನ ಹುಲಿಮುಖ, ಹೊಳೆಯುವ ಕಲ್ಲು, ಬಂಗಾರದ ಬಣ್ಣದ ಹೆಸರು, ಇವು ಯಾವುವೂ ಚೆಂಡನ್ನು ತಳ್ಳುವುದಿಲ್ಲ. ಮರ ನೆಟ್ಟಗಿರಬೇಕು, ಮರದ ಎಳೆ ಉದ್ದಕ್ಕೂ ನೇರವಾಗಿರಬೇಕು, ಎರಡು ತುಂಡು ಕೂಡುವ ಕಡೆ ಗಟ್ಟಿಯಾಗಿರಬೇಕು, ತೂಕ ಕೈಗೆ ಒಪ್ಪಬೇಕು. ಟಿಪ್ ಸವೆದಿದ್ದರೆ ಬದಲಿಸಬಹುದು, ಬಣ್ಣ ಕಿತ್ತಿದ್ದರೆ ಕಿತ್ತಿರಲಿ. ಬಾಗಿದ ಮರವನ್ನು ಮಾತ್ರ ಯಾರೂ ಸರಿ ಮಾಡಲಾರರು.

ಮೊದಲು ಹೆಬ್ಬಾಳದ ಕಡೆ ಒಂದು ದೊಡ್ಡ ಕ್ರೀಡಾ ಮಳಿಗೆಗೆ ಹೋದೆ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವನೊಬ್ಬ ಬಂದು ಮಗನಿಗಾ ಮೇಡಂ ಎಂದು ಕೇಳಿದ. ನನಗೇ ಎಂದೆ. ಅವನ ಮುಖ ಅರಳಿತು, ಲೇಡೀಸ್ ಕ್ಯೂ ಇದೆ ಎಂದು ಗುಲಾಬಿ ಬಣ್ಣದ್ದೊಂದನ್ನು ತಂದ. ಹಿಡಿಯ ತುಂಬ ಚಿಟ್ಟೆಗಳು. ಲೇಡೀಸ್ ಚೆಂಡು ಇದೆಯೇನಪ್ಪ ಎಂದು ಕೇಳಬೇಕೆನಿಸಿತು. ತಡೆದುಕೊಂಡು, ಬೇರೆ ನಾಲ್ಕು ತೆಗೆಸಿ ಅಲ್ಲೇ ಇದ್ದ ಟೇಬಲ್ಲಿನ ಮೇಲೆ ಒಂದೊಂದಾಗಿ ಉರುಳಿಸಿದೆ. ನೆಟ್ಟಗಿರುವ ಕ್ಯೂ ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದರೆ ತುದಿ ಕುಣಿಯುತ್ತದೆ. ನಾಲ್ಕೂ ಕುಣಿದವು. ಉರುಳಿಸಬಾರದು, ಪಾಲಿಶ್ ಹಾಳಾಗುತ್ತದೆ ಎಂದು ಅವನು ನನ್ನ ಕೈಯಿಂದ ಕಿತ್ತುಕೊಂಡ. ಹನ್ನೆರಡು ಸಾವಿರದ ಬಾಗಿದ ಕ್ಯೂ ಮಾರುವವನು ನನಗೆ ಕ್ಯೂ ಹಿಡಿಯುವುದನ್ನು ಹೇಳಿಕೊಡುತ್ತಾನೆ. ಬಂದ ಕೋಪಕ್ಕೆ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತು ಎರಡು ಬಸ್ಸು ಬಿಟ್ಟೆ.

ಆನ್‌ಲೈನಿನಲ್ಲಿ ತರಿಸು ಎಂದು ಕೆಲವರು ಉಪದೇಶ ಮಾಡಿದರು. ನಮ್ಮ ಪಾರ್ಲರಿಗೆ ದಿನಾ ಬರುವವರೊಬ್ಬರು ಹಾಗೆ ತರಿಸಿ, ಬಾಗಿದೆ ಎಂದು ವಾಪಸ್ ಕಳಿಸಿದರೆ, ಬದಲಿಗೆ ಬಂದದ್ದು ಇನ್ನೊಂದು ಕಡೆಗೆ ಬಾಗಿತ್ತು. ಸೀರೆಯನ್ನೇ ಕೈಯಲ್ಲಿ ಮುಟ್ಟಿ ನೋಡದೆ ತೆಗೆದುಕೊಳ್ಳದ ನಾನು ಕ್ಯೂ ತರಿಸುತ್ತೇನೆಯೇ.

ಉಳಿದದ್ದು ಯಶವಂತಪುರದ ಗುಲಾಮ್ ರಸೂಲರ ಅಂಗಡಿ. ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿದೆ. ಟೇಬಲ್ಲಿಗೆ ಬಟ್ಟೆ ಎಳೆಯುವುದು ಅವರ ಕಸುಬು, ನಮ್ಮ ಪಾರ್ಲರಿನ ನಾಲ್ಕು ಟೇಬಲ್ಲೂ ಅವರ ಅಂಗಡಿಯಿಂದಲೇ ಆದದ್ದು. ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೆ, ಬಟ್ಟೆ ಎಳೆಯಲು ಬರುತ್ತಿದ್ದುದು ಅವರ ಆಳುಗಳಾದ್ದರಿಂದ ಮುಖ ನೋಡಿರಲಿಲ್ಲ. ಎಲ್ಲೋ ಮುಚ್ಚಿದ ಕ್ಲಬ್ಬಿನಿಂದ ಹಳೆಯ ಕ್ಯೂಗಳ ದೊಡ್ಡ ಕಟ್ಟು ಅವರಿಗೆ ಬಂದಿದೆಯೆಂದು ಸುದ್ದಿ ಸಿಕ್ಕಿತು. ಗುರುವಾರ ಮಧ್ಯಾಹ್ನ ಹೋಗಿಬರುತ್ತೇನೆಂದು ರಜೆ ಕೇಳಿದಾಗ ಯಶವಂತ, ತನಗೂ ಆ ಕಡೆ ಕೆಲಸವಿದೆ, ಕಾರಿನಲ್ಲಿ ಬಿಡುತ್ತೇನೆ ಬಾ ಅಕ್ಕ ಎಂದ. ಅವರ ಮನೆಯವರೂ ನಮ್ಮ ಮನೆಯವರೂ ಒಂದೇ ಊರಿನ ಹಳಬರು. ಆ ಊರಿನ ಮೇಲೆ ಈಗ ರಸ್ತೆ, ಅಪಾರ್ಟ್‌ಮೆಂಟು ಎದ್ದಿವೆ. ಅವರ ತಾತ ಹೊಲ ಇಟ್ಟುಕೊಂಡರು, ನನ್ನ ತಾತ ಬೇಗ ಮಾರಿದರು, ವ್ಯತ್ಯಾಸ ಅಷ್ಟೇ. ಅಕ್ಕ ಎಂದು ಕರೆಯುವ ಹುಡುಗನ ಕಾರಿನಲ್ಲಿ ಮೇಖ್ರಿ ಸರ್ಕಲ್ ದಾಟುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಯಾವ ಕ್ಯೂ ಏಕೆ ನೋಡಬೇಕೆಂದು ದಾರಿಯುದ್ದಕ್ಕೂ ಅವನಿಗೆ ಹೇಳುತ್ತಾ ಹೋದೆ.

ಕಟ್ಟಿನಲ್ಲಿ ಮೂವತ್ತಕ್ಕೂ ಹೆಚ್ಚು ಕ್ಯೂಗಳಿದ್ದವು. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ಬಿಚ್ಚಿದೆ. ಹಿಡಿಯ ತುಂಡನ್ನು ಬೇರೆ, ಮುಂದಿನ ತುಂಡನ್ನು ಬೇರೆ ಉರುಳಿಸಬೇಕು, ಆಮೇಲೆ ಕೂಡಿಸಿ ಉರುಳಿಸಬೇಕು. ಬರೀ ಕೂಡಿಸಿ ಉರುಳಿಸಿದರೆ ಒಂದರ ಬಾಗು ಇನ್ನೊಂದರ ಬಾಗನ್ನು ಮುಚ್ಚಿಬಿಡಬಹುದು. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಬೇಕು. ಹಿಡಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕೇಳಬೇಕು, ಒಳಗೆ ಸಡಿಲವಿದ್ದರೆ ಗಿರ್ ಎನ್ನುತ್ತದೆ. ಟಿಪ್ಪಿನ ಕೆಳಗಿರುವ ಬಿಳಿ ಬಳೆಯ ಮೇಲೆ ಉಗುರು ಎಳೆಯಬೇಕು, ಸೀಳಿದ್ದರೆ ಉಗುರಿಗೆ ಸಿಗುತ್ತದೆ. ಒಂದೂವರೆ ಗಂಟೆಯಲ್ಲಿ ಇಪ್ಪತ್ತಾರು ಕ್ಯೂ ಪಕ್ಕಕ್ಕಿಟ್ಟೆ. ಯಶವಂತ ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ಫೋನ್ ನೋಡುತ್ತಿದ್ದ.

ಇಪ್ಪತ್ತೇಳನೆಯದು ನೋಡಲು ಏನೂ ಚೆನ್ನಾಗಿರಲಿಲ್ಲ. ಕಂದು ಹಿಡಿ, ಅಲ್ಲಲ್ಲಿ ಬಣ್ಣ ಎದ್ದಿತ್ತು, ಹಿಡಿಗೆ ಸುತ್ತಿದ ದಾರ ಮಾಸಿತ್ತು, ಟಿಪ್ ಸವೆದು ಸಪಾಟಾಗಿತ್ತು. ಉರುಳಿಸಿದೆ. ಸದ್ದೇ ಇಲ್ಲ. ಇನ್ನೊಮ್ಮೆ ಉರುಳಿಸಿದೆ. ಕುಟ್ಟಿದರೆ ಒಂದೇ ಗಟ್ಟಿ ದನಿ. ಮರದ ಎಳೆ ತುದಿಯಿಂದ ಕೊನೆಯವರೆಗೆ ಬಾಚಿದ ಕೂದಲಿನಂತೆ ನೇರವಾಗಿತ್ತು. ಎದ್ದು ನಿಂತು ಬಗ್ಗಿ ಎಡಗೈ ಬೆರಳ ಮೇಲಿಟ್ಟು ಹಿಂದೆ ಮುಂದೆ ಆಡಿಸಿದೆ, ಭಾರ ನನಗೆ ಎಲ್ಲಿ ಬೇಕೋ ಅಲ್ಲೇ ಬಿತ್ತು. ಒಳ್ಳೆಯ ಕ್ಯೂ ಸಿಕ್ಕಾಗ ಅಂಗಡಿಯವರ ಮುಂದೆ ಮುಖದಲ್ಲಿ ತೋರಿಸಬಾರದು, ಬೆಲೆ ಏರುತ್ತದೆ. ಅದು ಗೊತ್ತಿದ್ದೂ ಮೂರನೇ ಸಲ ಉರುಳಿಸಿ ನಕ್ಕುಬಿಟ್ಟೆ.

ರಸೂಲ್ ಭಾಯ್ ಆರೂವರೆ ಸಾವಿರ ಎಂದರು. ಒಪ್ಪಿಕೊಂಡೆ. ಫೋನಿನಲ್ಲಿ ಕಳಿಸಲು ಹೋದರೆ ನನ್ನ ಬ್ಯಾಂಕಿನ ಸರ್ವರ್ ಕೆಟ್ಟು ಕೂತಿತ್ತು. ಎರಡು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಎಟಿಎಮ್ಮಿಗೆ ಹೋಗಿ ಬರುತ್ತೇನೆ ಎಂದೆ. ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಹೊಡೆಯುವಾಗ ಟಿಪ್ ಜಾರದಿರಲೆಂದು ಹಚ್ಚುವ ಚಾಕ್ ಒಂದು ಗಲ್ಲಾದ ಪಕ್ಕ ಬಿದ್ದಿತ್ತು, ಅದನ್ನು ತೆಗೆದು ಕ್ಯೂವಿನ ತುದಿಗೆ ಹಚ್ಚಿ, ಮೇಜಿನ ಮೇಲೆ ಅಡ್ಡ ಇಟ್ಟೆ.

ನಮ್ಮ ಪಾರ್ಲರಿನಲ್ಲಿ ಅದೊಂದು ಕಟ್ಟುನಿಟ್ಟಿನ ನಿಯಮ. ಇರುವ ಕ್ಯೂಗಳಲ್ಲೇ ವಾಸಿಯಾದವುಗಳಿಗೆ ಹೊಡೆದಾಟ ಆಗುತ್ತಿದ್ದುದರಿಂದ ಬಂದ ಕಟ್ಟಳೆ. ನೀವು ಚಾಕ್ ಹಚ್ಚಿದ ಕ್ಯೂ ನಿಮ್ಮದು. ಟೀ ಕುಡಿಯಲು ಹೋಗಿ, ಫೋನ್ ಮಾಡಲು ಹೋಗಿ, ನೀವೇ ತಂದು ಗೋಡೆಯ ಸ್ಟ್ಯಾಂಡಿಗೆ ಸಿಕ್ಕಿಸುವವರೆಗೆ ಯಾರೂ ಮುಟ್ಟುವುದಿಲ್ಲ. ಪೊಲೀಸಿನವರು ಆಡಲು ಬಂದಾಗಲೂ ಮುಟ್ಟಿಲ್ಲ. ಯಶವಂತ ಮೀಸೆ ಬರುವ ಮುಂಚಿನಿಂದ ಆ ಕಟ್ಟಳೆಯಲ್ಲೇ ಬೆಳೆದವನು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯವರ ಕೈಗೆ ಐನೂರು ರೂಪಾಯಿ ಮುಂಗಡ ಇಟ್ಟು, ಎತ್ತಿಡಿ ಎಂದು ಹೇಳಿ ಹೋಗುತ್ತಿದ್ದರು. ನಾನು ಚಾಕ್ ಹಚ್ಚಿ ಹೋದೆ. ಒಂದೇ ಕೋಣೆಯಲ್ಲಿ ಹನ್ನೊಂದು ವರ್ಷ ಕಳೆದವಳಿಗೆ ಊರೆಲ್ಲ ಆ ಕೋಣೆಯ ಹಾಗೇ ನಡೆಯುತ್ತದೆಂದು ಅನಿಸಿಬಿಟ್ಟಿತ್ತು.

ಮೊದಲ ಎಟಿಎಮ್ಮಿನಲ್ಲಿ ದುಡ್ಡಿರಲಿಲ್ಲ. ಎರಡನೆಯದರಲ್ಲಿ ಸಾಲು. ನಾನು ವಾಪಸ್ ಬಂದಾಗ ಕ್ಯೂ ಯಶವಂತನ ಕೈಯಲ್ಲಿತ್ತು. ದುಡ್ಡು ಕೊಟ್ಟು ಮುಗಿಸಿ, ಅದನ್ನು ಎರಡು ತುಂಡಾಗಿ ಬಿಚ್ಚಿ ಕಪ್ಪು ಚೀಲದೊಳಗೆ ಇಳಿಸುತ್ತಿದ್ದ.

"ಅಕ್ಕ, ನೀನ್ ಆರಿಸಿದ್ದು ಅಂದ್ರೆ ಮುಗೀತು" ಎಂದ. "ಇದು ನಂಗಿರ್ಲಿ. ನಿಂಗೆ ನನ್ ಹಳೇದು ಕೊಡ್ತೀನಿ, ಮೂವತ್ತೈದು ಸಾವಿರದ್ದು. ಲಾಟ್ರಿ ಹೊಡೀತು ನಿಂಗೆ."

ಚಾಕ್ ಹಚ್ಚಿಟ್ಟಿದ್ದೆನಲ್ಲೋ ಎಂದೆ. ಅದು ನಮ್ಮ ಪಾರ್ಲರಿನಲ್ಲಿ ಅಕ್ಕ, ಇದು ಅಂಗಡಿ ಎಂದು ಅವನು ನಕ್ಕ. ನಾನು ರಸೂಲ್ ಭಾಯ್ ಕಡೆ ನೋಡಿದೆ. ಅವರು ಕತ್ತರಿಯಲ್ಲಿ ಬಟ್ಟೆ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದರು.

"ಇವ್ರೇ ಹೇಳಿದ್ರಲ್ಲಮ್ಮ. ನಮ್ ಕೆಲಸದೋರು, ನಂಗೋಸ್ಕರ ಕ್ಯೂ ಆರಿಸೋಕೆ ಬಂದವ್ರೆ ಅಂತ."

ಯಶವಂತ ಚೀಲದ ಜಿಪ್ ಎಳೆಯುವುದರಲ್ಲಿ ಮುಳುಗಿದ್ದ. ಆಗಲೇ ನಾನು ಬಾಯಿಗೆ ಬಂದದ್ದು ಬೈಯಬೇಕಿತ್ತು. ಬೈಯಲಿಲ್ಲ. ಒಂದೂವರೆ ಗಂಟೆ ನೆಲದ ಮೇಲೆ ಕೂತು ಧೂಳು ಕುಡಿದದ್ದು ಇವನಿಗೋಸ್ಕರ ಎಂದಾಯಿತು, ಮತ್ತು ಅಂಗಡಿಯಲ್ಲಿದ್ದ ಯಾರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕಾರು ಬೇಡ ಎಂದು ಬಸ್ಸಿನಲ್ಲಿ ಮನೆಗೆ ಬಂದೆ. ಬಸ್ಸಿನಲ್ಲಿ ನೆನಪಾದ ಬೈಗುಳಗಳೆಲ್ಲ ಅಂಗಡಿಯಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ನನ್ನ ಅಮ್ಮ ಮುನಿಯಲ್ಲಮ್ಮನ ಲೆಕ್ಕ ಬಲು ಸುಲಭ. "ಆರ್ ಸಾವ್ರದ್ ಓದ್ರೆ ಓಗ್ಲಿ, ಮೂವತ್ತೈದ್ ಸಾವ್ರದ್ ಬತ್ತದಲ್ಲ, ಅದ್ಕ್ಯಾಕ್ ಇಂಗೆ ಮಕ ಊದಿಸ್ಕಂಡಿದೀಯ" ಎಂದಳು. ಎದುರುಮನೆಯವರೂ ಅದೇ ಹೇಳಿದರು. ಶುಕ್ರವಾರ ಯಶವಂತ ತನ್ನ ಹಳೆಯ ಕ್ಯೂ ತಂದು ಕೌಂಟರಿನ ಮೇಲಿಟ್ಟಾಗ ಪಾರ್ಲರಿನಲ್ಲಿದ್ದವರೂ ಅದೇ ಹೇಳಿದರು. ಎಂಥ ಅದೃಷ್ಟ ನಿಂದು ಎಂದರು. ಅನಂತರಾಜು ಅಣ್ಣ ಫೋನ್ ಮಾಡಿ, ನೀನು ನಮ್ಮ ಮನೆ ಮಗಳಿದ್ದ ಹಾಗೆ, ಕೊಟ್ಟದ್ದು ಇಟ್ಟುಕೋ ಎಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಎಲ್ಲರೂ ನನಗೆ ಅಭಿನಂದನೆ ಹೇಳಿದರು. ಅದಕ್ಕಿಂತ ಹೊಟ್ಟೆ ಉರಿಸುವುದು ಇನ್ನೇನಿದೆ.

ಆ ಹಳೆಯ ಕ್ಯೂ ನನಗೆ ಹೊಸದಲ್ಲ. ಅದರ ಟಿಪ್ ಆರು ಸಲ ಹಾಕಿದವಳು ನಾನು. ಉದ್ದ ತೋಳಿನವನಿಗೆ ಹೇಳಿ ಮಾಡಿಸಿದ್ದು, ಭಾರ ಹಿಂದಕ್ಕೆ, ಮುಂದಿನ ತುಂಡು ತೆಳ್ಳಗೆ. ನನ್ನ ಕೈಯಲ್ಲಿ ಅದು ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗಿರುತ್ತದೆ. ಕೌಂಟರಿನಿಂದ ನಾನು ಅದನ್ನು ಎತ್ತಲೇ ಇಲ್ಲ.

ಭಾನುವಾರ ಟೂರ್ನಮೆಂಟ್. ಶನಿವಾರ ಬೆಳಿಗ್ಗೆ ಯಶವಂತ ಬಂದು ಕಪ್ಪು ಚೀಲ ನನ್ನ ಮುಂದಿಟ್ಟ. ಟಿಪ್ ಸವೆದುಹೋಗಿದೆಯಲ್ಲ, ಹೊಸದು ಹಾಕಿಡು ಅಕ್ಕ, ನಾಲ್ಕು ಗಂಟೆಗೆ ಬರುತ್ತೇನೆ ಎಂದು ಹೊರಟೇಹೋದ. ಎಂಥ ಧೈರ್ಯ ನೋಡಿ. ಧೈರ್ಯವೂ ಅಲ್ಲ, ಅವನ ತಲೆಗೆ ಅದು ಹೊಳೆದೇ ಇರಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ಕೆಡಿಸುವುದು ಸುಲಭವಿತ್ತು. ಬ್ಲೇಡು ಒಂದು ಕೂದಲೆಳೆಯಷ್ಟು ವಾರೆ ಹಿಡಿದರೆ ಸಾಕು, ಟಿಪ್ ಸೊಟ್ಟ ಕೂರುತ್ತದೆ, ಚೆಂಡು ಹೇಳಿದ ಮಾತು ಕೇಳುವುದಿಲ್ಲ, ಕಾರಣ ಅವನಿಗೆ ಜನ್ಮದಲ್ಲಿ ತಿಳಿಯುವುದಿಲ್ಲ. ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳು. ಆದರೆ ಆ ಕ್ಯೂ ನನಗೇನು ಅನ್ಯಾಯ ಮಾಡಿತ್ತು. ಹಳೆಯ ಚರ್ಮ ಕೆತ್ತಿ ತೆಗೆದೆ, ತಳ ಸಮ ಮಾಡಿದೆ, ಅಂಟು ಸವರಿ ಹೊಸ ಟಿಪ್ ಕೂರಿಸಿ ಭಾರ ಹೇರಿದೆ. ಎರಡು ಗಂಟೆ ಒಣಗಲು ಬಿಟ್ಟು, ಅಂಚು ಸವರಿ, ಉಪ್ಪುಕಾಗದದಲ್ಲಿ ತಿದ್ದಿ, ನಾಣ್ಯದ ಅಂಚಿನ ಹಾಗೆ ಗುಂಡಗೆ ಮಾಡಿದೆ. ಟಿಪ್ ಹಾಕಿದ ಮೇಲೆ ಒಂದು ಹೊಡೆತ ಹೊಡೆದು ನೋಡುವುದು ಕೆಲಸದ ಭಾಗ. ಹೊಡೆದೆ. ಬಿಳಿ ಚೆಂಡು ಎಂಟನೇ ನಂಬರಿನದನ್ನು ಮೂಲೆಯ ಗುಳಿಗೆ ಕಳಿಸಿ, ನಾನು ನಿಲ್ಲು ಅಂದುಕೊಂಡ ಜಾಗದಲ್ಲಿ ನಿಂತಿತು. ಎರಡನೇ ಹೊಡೆತ ಹೊಡೆಯಲಿಲ್ಲ. ಹೊಡೆದಿದ್ದರೆ ಅತ್ತುಬಿಡುತ್ತಿದ್ದೆ.

ನಾಲ್ಕು ಗಂಟೆಗೆ ಯಶವಂತ ಇಬ್ಬರು ಗೆಳೆಯರ ಜೊತೆ ಬಂದ. ಅನಂತರಾಜು ಅಣ್ಣ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡು ಟೇಬಲ್ಲಿನಲ್ಲಿ ಆಟ ನಡೆದಿತ್ತು. ಅವನು ಕ್ಯೂಗೆ ಕೈಚಾಚಿದ. ನಾನು ಕೊಡಲಿಲ್ಲ.

"ರಸೂಲ್ ಭಾಯ್‌ಗೆ ಫೋನ್ ಮಾಡು" ಎಂದೆ. "ಅಕ್ಕ ತನಗೋಸ್ಕರ ಆರಿಸಿದ್ದ ಕ್ಯೂನ ನಾನು ಸುಳ್ಳು ಹೇಳಿ ತಗೊಂಡೆ ಅನ್ನು. ಅಷ್ಟು ಹೇಳಿದ್ಮೇಲೆ ಮಿಕ್ಕಿದ್ದು ಮಾತಾಡೋಣ."

ಅವನು ನಕ್ಕ, ಗೆಳೆಯರ ಕಡೆ ನೋಡಿದ, ಆಮೇಲೆ ನಗು ನಿಲ್ಲಿಸಿದ. ಸರಿ, ಕ್ಯೂ ನೀನೇ ಇಟ್ಟುಕೋ ಎಂದ. ಬೇಡ, ಫೋನ್ ಮಾಡು ಎಂದೆ. ದುಡ್ಡೂ ಬೇಡ, ಹಾಗೇ ಇಟ್ಟುಕೋ ಎಂದ. ಎರಡೂ ಕ್ಯೂ ಇಟ್ಟುಕೋ ಎಂದ. ಭಾನುವಾರ ಕಾರಿನಲ್ಲಿ ಯಲಹಂಕಕ್ಕೆ ಕರೆದುಕೊಂಡು ಹೋಗುತ್ತೇನೆ, ಊಟ ಕೊಡಿಸುತ್ತೇನೆ ಎಂದ. ಏನು ಬೇಕಾದರೂ ಕೊಡಲು ತಯಾರಿದ್ದ, ಆ ಒಂದು ಮಾತು ಬಿಟ್ಟು. ಕೊಡುತ್ತಾ ಹೋದಷ್ಟೂ ನನಗೆ ಕೋಪ ಏರುತ್ತಾ ಹೋಯಿತು. ಎರಡೂ ಟೇಬಲ್ಲಿನವರು ಆಟ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ಆಗ ಅನಂತರಾಜು ಅಣ್ಣ ಕುರ್ಚಿಯಿಂದಲೇ ಕೇಳಿದ್ದು, ಒಂದು ಕೋಲಿಗೆ ಇಷ್ಟು ರಾದ್ಧಾಂತ ಬೇಕಾ ಎಂದು.

"ಕೋಲಿಗಲ್ಲ ಅಣ್ಣ" ಎಂದೆ. "ಇವತ್ತಲ್ಲ ನಾಳೆ ಇನ್ನೊಂದು ಸಿಗ್ತಿತ್ತು. ಇವ್ನು ನನ್ನ ಬೆನ್ನ ಹಿಂದೆ ಆ ಅಂಗಡಿಯವ್ರಿಗೆ ನಮ್ ಕೆಲಸದೋಳು, ನಂಗೋಸ್ಕರ ಬಂದವ್ಳೆ ಅಂದ. ನಾನಿಲ್ಲಿ ಕೆಲಸಕ್ಕಿದೀನಿ, ಇಲ್ಲ ಅನ್ನಲ್ಲ. ಆ ಅಂಗಡಿಗೆ ನಾನು ಕೆಲಸಕ್ಕೆ ಹೋಗಿರ್ಲಿಲ್ಲ. ನೀವು ಮನೆ ಮಗಳು ಅಂತೀರ. ಮನೆ ಮಗಳು ಎಲ್ಲಿಗೆ ಹೋದ್ರೂ ನಿಮ್ ಕೆಲಸಕ್ಕೇ ಹೋಗಿರ್ತಾಳಾ?"

ಅಣ್ಣ ಮಗನ ಕಡೆ ತಿರುಗಿದರು. ಮಗ ಸುಳ್ಳು ಹೇಳಿದ ವಿಷಯ ಅವರಿಗೆ ಗೊತ್ತಿರಲಿಲ್ಲವೆಂದು ಮುಖ ನೋಡಿದರೇ ತಿಳಿಯಿತು. ಹಂಗಂದ್ಯೇನೋ ಎಂದು ಮಗನನ್ನು ಕೇಳಿದರು. ಯಶವಂತ ನೆಲ ನೋಡಿದ. ಅಷ್ಟರಲ್ಲಿ ಒಬ್ಬ ಗೆಳೆಯ, ಬಿಡಿ ಅಂಕಲ್, ಏನೋ ಬಾಯಿ ತಪ್ಪಿ ಅಂದಿರುತ್ತಾನೆ ಎಂದ. ಅಣ್ಣ ಅವನ ಕಡೆ ತಿರುಗಲೂ ಇಲ್ಲ. ಫೋನ್ ಮಾಡು ಎಂದು ಮಗನಿಗೆ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಇಡು ಎಂದರು.

ರಸೂಲ್ ಭಾಯ್ ಫೋನ್ ಎತ್ತಿದರು. ಆ ಕಡೆಯಿಂದ ಗರಗಸದ ಸದ್ದು ಬರುತ್ತಿತ್ತು. ಯಶವಂತ ಒಂದೆರಡು ಸಲ ಗಂಟಲು ಸರಿಮಾಡಿಕೊಂಡ. ಗುರುವಾರ ತಗೊಂಡ ಕ್ಯೂ ನನಗೋಸ್ಕರ ಅಲ್ಲ ಎಂದ. ಯಾರಿಗೋಸ್ಕರ ಎಂದು ನಾನು ಪಕ್ಕದಿಂದ ಮೆಲ್ಲಗೆ ಕೇಳಿದೆ. ರಾಣಿ ಅಕ್ಕ ತಮಗೇ ಆರಿಸಿಕೊಂಡಿದ್ದರು, ನಾನು ಸುಳ್ಳು ಹೇಳಿದೆ ಎಂದ. ಇಪ್ಪತ್ತಮೂರು ವರ್ಷದ ಹುಡುಗನ ಕಿವಿ ಕೆಂಪಗಾಗಿತ್ತು. ನೋಡಿ ಅಯ್ಯೋ ಅನಿಸಿತು, ಆದರೆ ನಿಲ್ಲಿಸು ಅನ್ನಲಿಲ್ಲ.

ಗರಗಸದ ಸದ್ದು ನಿಂತಿತು.

"ನಂಗವತ್ತೇ ಗೊತ್ತಿತ್ತು ಬಿಡಿ ಸಾರ್" ಎಂದರು ರಸೂಲ್ ಭಾಯ್. "ಬೇರೆಯವ್ರಿಗೆ ಆರಿಸೋರು ಮೂರ್ ಮೂರ್ ಸಲ ಉರುಳಿಸಿ ನಗಲ್ಲ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಎರಡು ದಿನದಿಂದ ನಾನು ಆ ಮನುಷ್ಯರನ್ನು ಒಳಗೊಳಗೇ ಕ್ಷಮಿಸಿಕೊಂಡು ಬಂದಿದ್ದೆ. ಪಾಪ, ಅವರಿಗೇನು ಗೊತ್ತು, ಯಾರೋ ಹೇಳಿದ್ದನ್ನು ನಂಬಿದರು ಎಂದುಕೊಂಡಿದ್ದೆ. ಗೊತ್ತಿದ್ದೂ ಕೊಟ್ಟರಾ ಭಾಯ್ ಎಂದು ಫೋನಿನ ಹತ್ತಿರ ಬಗ್ಗಿ ಕೇಳಿದೆ. ನಾನೂ ಅಲ್ಲೇ ಇದ್ದೇನೆಂದು ಅವರಿಗೆ ಆಗ ತಿಳಿಯಿತು. ತಡವರಿಸಿದರು. ಮಾಲೀಕರ ಮಗ ಕೇಳಿದಾಗ ಹೇಗಮ್ಮ ಇಲ್ಲ ಅನ್ನೋದು, ನಿಮ್ಮಲ್ಲಿ ನಾಲ್ಕು ಟೇಬಲ್ಲಿನ ಕೆಲಸ ನನ್ನದೇ ಅಲ್ಲವಾ ಎಂದರು.

"ಆ ನಾಲ್ಕು ಟೇಬಲ್ಲಿನ ಬಟ್ಟೆ ಸರಿಯಾಗಿ ಎಳೆದಿದೀರಾ ಅಂತ ಕೈಯಾಡ್ಸಿ ನೋಡಿ ಹೂಂ ಅನ್ನೋದು ನಾನು ಭಾಯ್" ಎಂದೆ. "ಮುಂದಿನ್ ಸಲ ಬರ್ತೀರಲ್ಲ, ನೀವೇ ಬನ್ನಿ. ನಾನಿರ್ತೀನಿ."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಆಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ನಾನು ನಗಲಿಲ್ಲ. ಒಬ್ಬನ ಮೇಲಿದ್ದ ಕೋಪ ಈಗ ಇಬ್ಬರ ಮೇಲಾಗಿತ್ತು. ಅಂಗಡಿಯಲ್ಲಿ ಆ ದಿನ ನನಗೆ ಮಾತ್ರ ಏನೂ ಗೊತ್ತಿರಲಿಲ್ಲ, ಅವರಿಬ್ಬರಿಗೂ ಎಲ್ಲ ಗೊತ್ತಿತ್ತು.

ಎಟಿಎಮ್ಮಿನಿಂದ ತಂದ ದುಡ್ಡು ಇನ್ನೂ ಪರ್ಸಿನಲ್ಲೇ ಇತ್ತು. ಆರೂವರೆ ಸಾವಿರ ತೆಗೆದು ಯಶವಂತನ ಮುಂದೆ ಹಿಡಿದೆ. ಬೇಡ ಅಕ್ಕ ಎಂದ. ಹಿಡಿದೇ ನಿಂತೆ. ತೆಗೆದುಕೊಂಡ. ಅವನ ಹಳೆಯ ಕ್ಯೂವನ್ನು ಕೌಂಟರಿನಿಂದ ಅವನ ಕಡೆ ತಳ್ಳಿದೆ.

ಆಯಿತಲ್ಲ, ಇನ್ನು ಕೆಲಸ ನೋಡಮ್ಮ ಎಂದರು ಅನಂತರಾಜು ಅಣ್ಣ. ಕೆಟ್ಟ ದನಿಯಲ್ಲಿ ಹೇಳಲಿಲ್ಲ, ಸುಸ್ತಾದವರ ಹಾಗೆ ಹೇಳಿದರು. ನಾಳೆ ನನಗೆ ಆಟವಿದೆ ಅಣ್ಣ, ಈ ಕ್ಯೂವಿನಲ್ಲಿ ಒಂದೇ ಒಂದು ಹೊಡೆತ ಹೊಡೆದಿದ್ದೇನೆ, ಎರಡು ಗಂಟೆ ರಜೆ ಬೇಕು, ಟೇಬಲ್ಲಿನ ಬಾಡಿಗೆ ಬೇಕಾದರೆ ಹಾಕಿ ಎಂದೆ. ಗಿರಾಕಿಗಳಿರುವ ಹೊತ್ತಿನಲ್ಲಿ ಪಾರ್ಲರಿನ ಟೇಬಲ್ಲಿನ ಮೇಲೆ ನಾನು ಒಂದು ಸಲವೂ ಆಡಿದವಳಲ್ಲ. ಅಣ್ಣ ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಕೌಂಟರಿನ ಹಿಂದೆ ಹಾಕಿಕೊಂಡು ಕೂತರು. ಬಿಲ್ಲಿನ ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡರು.

ಒಂದನೇ ಟೇಬಲ್ ಖಾಲಿಯಿತ್ತು. ನಾನು ಕ್ಯೂ ಹಿಡಿದು ಅದರ ತುದಿಯಲ್ಲಿ ನಿಂತೆ. ಚೆಂಡುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಯಶವಂತ ಹೋಗುವುದೋ ಇರುವುದೋ ತಿಳಿಯದೆ ಗೆಳೆಯರ ಮಧ್ಯೆ ನಿಂತಿದ್ದ.

ಚೆಂಡು ಜೋಡಿಸು ಎಂದೆ.

ಅವನು ಅಪ್ಪನ ಮುಖ ನೋಡಿದ. ಅಪ್ಪ ಬಿಲ್ಲಿನ ಪುಸ್ತಕದಿಂದ ತಲೆ ಎತ್ತಲಿಲ್ಲ. ಬಂದು ತ್ರಿಕೋನದ ಚೌಕಟ್ಟು ತೆಗೆದು ಹದಿನೈದು ಚೆಂಡನ್ನೂ ಒಂದೊಂದಾಗಿ ತುಂಬಿ, ಮುಂದಕ್ಕೆ ಸರಿಸಿ, ಚೌಕಟ್ಟು ಎತ್ತಿದ. ನೋಡಿದೆ. ಮಧ್ಯದಲ್ಲಿ ಎರಡು ಚೆಂಡು ಒಂದಕ್ಕೊಂದು ತಾಗದೆ ಸಂದು ಬಿಟ್ಟಿದ್ದವು.

ಸಡಿಲ ಇದೆ, ಬಿಗಿಯಾಗಿ ಜೋಡಿಸು ಎಂದೆ. ಅವನು ಮತ್ತೆ ಬಗ್ಗಿ ಜೋಡಿಸಿದ.